ಮಕ್ಕಳು ಕಟ್ಟಿದ ಸೇತುವೆಯನ್ನು ನ್ಯಾಯವಾಗಿ ಪರೀಕ್ಷಿಸುವುದು ಹೇಗೆ?

ಬಾಗೇಪಲ್ಲಿ ಕಡೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಮತ್ತು ಆರನೇ ತರಗತಿಗಳಿಗೆ ವಿಜ್ಞಾನ ಕಲಿಸುತ್ತೇನೆ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲೇ ಇದೆ. ಹಾಗಾಗಿ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನವನ್ನು ಭಾಷಣ ಮತ್ತು ಹಾರಕ್ಕೆ ಮುಗಿಸದೆ ಮಕ್ಕಳ ಕೈಯಿಂದ ಏನಾದರೂ ಮಾಡಿಸಬೇಕೆಂದು ಈ ಸಲ ಕಾಗದದ ಸೇತುವೆಗಳನ್ನು ಕಟ್ಟಿಸಿದೆ. ಆರು ತಂಡಗಳಿಗೂ ಹಳೆಯ ನೋಟ್‌ಬುಕ್ಕಿನ ನಾಲ್ಕು ಹಾಳೆ, ಒಂದು ಮೊಳ ಗಮ್ ಟೇಪು ಕೊಟ್ಟು, ಎರಡು ಬೆಂಚುಗಳ ನಡುವೆ ಸೇತುವೆ ಇಟ್ಟು, ಅದರ ಮೇಲೆ ಲೋಟವಿರಿಸಿ ರಾಗಿ ಸುರಿಯುವುದೆಂದು ಹೇಳಿದ್ದೆ.

ಸುರಿಯಲು ಆರಂಭಿಸಿದ ಮೇಲೆ ಎಲ್ಲವೂ ಗೊಂದಲವಾಯಿತು. ಮೊದಲ ತಂಡದ ಹುಡುಗ ತನ್ನ ಸೇತುವೆಯ ಮೇಲೆ ಚಿಟಿಕೆ ಚಿಟಿಕೆಯಾಗಿ ರಾಗಿ ಉದುರಿಸಿದ, ಮುಂದಿನ ತಂಡದ ಸೇತುವೆಯ ಮೇಲೆ ಬೊಗಸೆ ಬೊಗಸೆಯಾಗಿ ಸುರಿದ. ನಡುವೆ ಯಾರದೋ ಕಾಲು ತಗುಲಿ ಬೆಂಚು ಸರಿದಿತ್ತು. ಕೊನೆಗೆ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದ್ದು ಸೊಗಸಾಗಿ ಬಣ್ಣ ಬಳಿದಿದ್ದ ಸೇತುವೆಗೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆರನೇ ತರಗತಿಯ ಒಬ್ಬಳು ಹುಡುಗಿಯ ಮಾತು. ಐದನೇ ತರಗತಿಯ ತಂಡದ ಸರದಿ ಬಂದಾಗ ಅವಳು ಎದ್ದು ನಿಂತು, "ಮಿಸ್, ಅವರು ಚಿಕ್ಕವರು, ಅವರ ಸೇತುವೆಗೆ ಅರ್ಧ ಲೋಟ ಮಾತ್ರ ಹಾಕಬೇಕು, ಅದೇ ನ್ಯಾಯ" ಎಂದಳು. ಇಡೀ ತರಗತಿ ಹೌದೆಂದಿತು. ಅವಳ ಮಾತಿನಲ್ಲಿ ಪ್ರೀತಿಯಿತ್ತು, ಅದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಎಂಜಿನಿಯರುಗಳು ಹೇಳುವ ನ್ಯಾಯಯುತ ಪರೀಕ್ಷೆ ಅದಲ್ಲವೆಂಬುದೂ ನನಗೆ ಗೊತ್ತು. ಈ ವ್ಯತ್ಯಾಸವನ್ನು ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಹೇಗೆ ತಿಳಿಸಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ತುಮಕೂರಿನ ಸಿವಿಲ್ ಎಂಜಿನಿಯರ್

ಮೇಡಂ, ಆ ಹುಡುಗಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅವಳು ನ್ಯಾಯ ಕೇಳಿದ್ದು ಮಕ್ಕಳಿಗಾಗಿ, ಪರೀಕ್ಷೆಯಲ್ಲಿ ನ್ಯಾಯ ಸಲ್ಲಬೇಕಾದದ್ದು ಸೇತುವೆಗೆ. ಈ ಎರಡನ್ನೂ ಬೇರೆ ಬೇರೆ ಕಡೆ ಇಡಬಹುದು. ಚಿಕ್ಕವರಿಗೆ ಹೆಚ್ಚು ಸಮಯ ಕೊಡಿ, ದೊಡ್ಡವರೊಬ್ಬರನ್ನು ಸಹಾಯಕ್ಕೆ ಕೊಡಿ, ಕಟ್ಟುವ ಹಂತದಲ್ಲಿ ಎಷ್ಟು ಕರುಣೆ ತೋರಿಸಿದರೂ ತೊಂದರೆಯಿಲ್ಲ. ಆದರೆ ಭಾರ ಹಾಕುವ ಹೊತ್ತಿಗೆ ಸೇತುವೆಯನ್ನು ಯಾರು ಕಟ್ಟಿದರೆಂಬುದು ಭಾರಕ್ಕೆ ಗೊತ್ತಿರುವುದಿಲ್ಲ. ನಾಳೆ ಅದರ ಮೇಲೆ ಓಡಾಡುವವರಿಗೂ ಗೊತ್ತಿರುವುದಿಲ್ಲ.

ನಾವು ದಿನವೂ ಮಾಡುವ ಕೆಲಸದಿಂದ ಒಂದು ಉದಾಹರಣೆ ಕೊಡುತ್ತೇನೆ. ಕಾಂಕ್ರೀಟಿನ ಗುಣಮಟ್ಟ ತಿಳಿಯಲು ಸುರಿಯುವ ಕಾಂಕ್ರೀಟಿನಿಂದಲೇ 150 ಮಿ.ಮೀ. ಅಳತೆಯ ಘನಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಂದೇ ವೇಗದಲ್ಲಿ ಒತ್ತಡ ಏರಿಸುತ್ತಾ ಒಡೆಯುತ್ತೇವೆ. ಒಂದು ಘನವನ್ನು ಒಡೆದು ನಿರ್ಧರಿಸುವುದಿಲ್ಲ, ಮೂರರ ಸರಾಸರಿ ತೆಗೆಯುತ್ತೇವೆ, ಮತ್ತು ಯಾವುದೇ ಒಂದರ ಫಲಿತಾಂಶ ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ಆಚೀಚೆಯಾದರೆ ಆ ಫಲಿತಾಂಶವನ್ನೇ ನಂಬುವುದಿಲ್ಲ. ಒಡೆದ ಘನದ ಆಕಾರವನ್ನೂ ನೋಡುತ್ತೇವೆ. ನಾಲ್ಕೂ ಬದಿಗಳು ಸರಿಸುಮಾರು ಒಂದೇ ರೀತಿ ಸಿಡಿದು ನಡುವೆ ಡಮರುಗದಂಥ ತುಂಡು ಉಳಿದರೆ ಭಾರ ನೇರವಾಗಿ ಬಿದ್ದಿದೆ ಎಂದರ್ಥ. ಒಂದೇ ಮಗ್ಗುಲು ಕಿತ್ತುಬಂದಿದ್ದರೆ ಘನವನ್ನು ಓರೆಯಾಗಿ ಇಟ್ಟಿದ್ದೆವೇನೋ ಎಂದು ಮೊದಲು ನಮ್ಮನ್ನೇ ಅನುಮಾನಿಸಬೇಕು.

ನಿಮ್ಮ ಮಕ್ಕಳಿಗೂ ಇದನ್ನೇ ಹೇಳಬಹುದು: ಎಷ್ಟು ರಾಗಿ ತಡೆಯಿತು ಎಂಬುದರ ಪಕ್ಕದಲ್ಲಿ ಎಲ್ಲಿ, ಹೇಗೆ ಮುರಿಯಿತು ಎಂಬುದನ್ನೂ ಬರೆಯಲಿ. ನಡುವೆ ಬಾಗಿ ಮಡಿಚಿಕೊಂಡ ಸೇತುವೆಗೂ ಅಂಚಿನಿಂದ ಜಾರಿ ಬಿದ್ದ ಸೇತುವೆಗೂ ಮಾಡಬೇಕಾದ ರಿಪೇರಿ ಬೇರೆ ಬೇರೆ.

ಕೋಲಾರದ ಪೋಷಕ

ಸರ್, ನಿಮ್ಮ ಮಾತು ಕಾಲೇಜಿನ ಪ್ರಯೋಗಾಲಯಕ್ಕೆ ಸರಿ. ಐದನೇ ತರಗತಿಯ ಮಗುವಿನ ಕೈಗೆ ಕೋಷ್ಟಕ, ಸರಾಸರಿ, ನಿಯಮಾವಳಿ ಎಂದು ಕೊಟ್ಟರೆ ಕಟ್ಟುವ ಹುಮ್ಮಸ್ಸೇ ಆರಿಹೋಗುತ್ತದೆ. ನನ್ನ ಮಗ ಹೋದ ವರ್ಷ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಮಾದರಿ ಮಾಡಿದ್ದ. ತೀರ್ಪುಗಾರರು ಅದನ್ನು ಮುಟ್ಟಿಯೂ ನೋಡದೆ ಅಂಕ ಹಾಕಿ ಮುಂದೆ ಹೋದರು. ಅವನು ಅದಾದ ಮೇಲೆ ಏನನ್ನೂ ಕಟ್ಟಿಲ್ಲ. ಮೊದಲು ಮಕ್ಕಳು ಸಂತೋಷದಿಂದ ಕಟ್ಟಲಿ, ಪರೀಕ್ಷೆಯ ಶಿಸ್ತು ಪ್ರೌಢಶಾಲೆಗೆ ಬಂದ ಮೇಲೆ ಸಾಕು ಎಂಬುದು ನನ್ನ ಅಭಿಪ್ರಾಯ.

ಶಿಡ್ಲಘಟ್ಟದ ರೀಲರ್

ಕೋಲಾರದವರೇ, ನೀವು ಹೇಳಿದ ನೋವಿಗೆ ಕಾರಣ ಪರೀಕ್ಷೆಯಲ್ಲ, ಪರೀಕ್ಷೆ ಮಾಡದೆ ತೀರ್ಪು ಕೊಟ್ಟದ್ದು. ಮುಟ್ಟಿ, ಓಡಿಸಿ, ಎಲ್ಲರದನ್ನೂ ಒಂದೇ ರೀತಿ ನೋಡಿದ್ದರೆ ನಿಮ್ಮ ಮಗನಿಗೆ ಸೋತರೂ ಏಕೆ ಸೋತೆನೆಂದು ತಿಳಿಯುತ್ತಿತ್ತು.

ಪಾವಗಡದ ಮೇಷ್ಟ್ರು

ಈ ಚರ್ಚೆಯಲ್ಲಿ ಇನ್ನೊಂದು ವಿಷಯ ಸೇರಲೇಬೇಕು. ಎಲ್ಲರನ್ನೂ ಒಂದೇ ರೀತಿ ಪರೀಕ್ಷಿಸಿದರೂ ಪರೀಕ್ಷೆಯೇ ತಪ್ಪಾಗಿರಬಹುದು.

ನಾನು ಏಳನೇ ತರಗತಿಯ ಮಕ್ಕಳಿಂದ ನೀರು ಸೋಸುವ ಮಾದರಿಗಳನ್ನು ಮಾಡಿಸಿದ್ದೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಮಗುಚಿ, ಒಳಗೆ ಜಲ್ಲಿ, ಮರಳು, ಇದ್ದಿಲು, ಹತ್ತಿ. ಪ್ರತಿ ತಂಡಕ್ಕೂ ಒಂದೇ ಬಿಂದಿಗೆಯಿಂದ ಅರ್ಧ ಲೀಟರು ಕೆಸರು ನೀರು ಅಳೆದು ಕೊಟ್ಟೆ. ಸುರಿಯುವ ಮೊದಲು ಪ್ರತಿ ಬಾರಿಯೂ ಬಿಂದಿಗೆಯನ್ನು ಕಲಕಿಸಿದೆ, ಇಲ್ಲದಿದ್ದರೆ ಕೊನೆಯ ತಂಡಕ್ಕೆ ಬರೀ ಬಗ್ಗಡ ಸಿಗುತ್ತಿತ್ತು. ಸೋಸಿ ಬಂದ ನೀರನ್ನು ಒಂದೇ ರೀತಿಯ ಗಾಜಿನ ಲೋಟಗಳಲ್ಲಿ ತುಂಬಿ, ಹಿಂದೆ ಅಚ್ಚಾದ ಹಾಳೆ ಹಿಡಿದು, ಅಕ್ಷರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ನೋಡಿದೆವು. ಅಲ್ಲಿಯವರೆಗೆ ಎಲ್ಲವೂ ನ್ಯಾಯವಾಗಿತ್ತು. ಗೆದ್ದ ತಂಡದವರು, "ಇನ್ನು ನಮ್ಮೂರಿನ ಬೋರ್‌ವೆಲ್ ನೀರನ್ನು ಇದರಲ್ಲೇ ಸೋಸಿ ಕುಡಿಯಬಹುದು" ಎಂದರು.

ನನಗೆ ಎದೆ ಧಸಕ್ಕೆಂದಿತು. ನಮ್ಮ ತಾಲೂಕಿನ ನೀರಿನ ತೊಂದರೆ ಕೆಸರಲ್ಲ, ಫ್ಲೋರೈಡು. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ಕುಡಿಯಬಾರದೆಂದು ಇರುವಾಗ, ಕೊಳವೆ ಬಾವಿಯ ತಿಳಿನೀರಿನಲ್ಲೇ ಅದಕ್ಕಿಂತ ಹೆಚ್ಚಿರಬಹುದು. ಮರಳು ಮತ್ತು ಒಲೆಯ ಇದ್ದಿಲು ಅದನ್ನು ತೆಗೆಯುವುದಿಲ್ಲ. ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳು ನನ್ನ ತರಗತಿಯಲ್ಲೇ ಕುಳಿತಿದ್ದರು. ಮರುವಾರ ಪರೀಕ್ಷಾ ಕಿಟ್ ತಂದು, ಸೋಸುವ ಮೊದಲಿನ ನೀರನ್ನೂ ಸೋಸಿದ ನೀರನ್ನೂ ಅಕ್ಕಪಕ್ಕದಲ್ಲಿಟ್ಟು ದ್ರಾವಣ ಹಾಕಿಸಿದೆ. ಎರಡೂ ನಳಿಕೆಗಳಲ್ಲಿ ಒಂದೇ ಬಣ್ಣ ಬಂದಿತು. ಮಕ್ಕಳು ಬಹಳ ಹೊತ್ತು ಮಾತನಾಡಲಿಲ್ಲ.

ಹಾಗಾಗಿ ಮೇಡಂ, ಸೇತುವೆ ಕಟ್ಟುವ ಮೊದಲೇ "ಇದು ಏನು ಮಾಡಿದರೆ ಒಳ್ಳೆಯ ಸೇತುವೆ?" ಎಂಬುದನ್ನು ಮಕ್ಕಳಿಂದಲೇ ಹೇಳಿಸಿ ಹಲಗೆಯ ಮೇಲೆ ಬರೆಸಿ. ಅಳತೆಗೋಲನ್ನು ಕಟ್ಟಿದ ಮೇಲೆ ಹುಡುಕಬಾರದು.

ಕುಣಿಗಲ್ ಗೃಹಿಣಿ

ಮೇಷ್ಟ್ರ ಮಾತು ಓದಿ ನಮ್ಮ ತಾಲೂಕಿನ ಉಂಗ್ರ ನೆನಪಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರದವರು ಉಂಗ್ರದಲ್ಲಿ ಒಂದು ವಿಸ್ತರಣಾ ಕೇಂದ್ರ ಮಾಡಿದ್ದರು, ಸೌದೆ ಉಳಿಸುವ ಅಸ್ತ್ರ ಒಲೆ ಅವರದೇ. ಒಲೆಯನ್ನು ಪರೀಕ್ಷಿಸುವ ಕ್ರಮವೇ ಮಕ್ಕಳಿಗೆ ಒಳ್ಳೆಯ ಪಾಠವಾಗುತ್ತದೆ. ಅಳೆದ ನೀರು, ತೂಗಿದ ಸೌದೆ. ನೀರು ಕುದಿದ ಮೇಲೆ ಉಳಿದ ಸೌದೆಯ ಜೊತೆಗೆ ಉಳಿದ ಕೆಂಡವನ್ನೂ ತೂಗಬೇಕು. ಒಂದು ಒಲೆಗೆ ಒಣ ಸೌದೆ, ಇನ್ನೊಂದಕ್ಕೆ ಹಸಿ ಸೌದೆ ಹಾಕಿದರೆ ಹೋಲಿಕೆ ಅಲ್ಲೇ ಕೆಟ್ಟಿತು. ಒಂದು ಪಾತ್ರೆಗೆ ಮುಚ್ಚಳವಿದ್ದು ಇನ್ನೊಂದಕ್ಕೆ ಇಲ್ಲದಿದ್ದರೂ ಅಷ್ಟೇ.

ಆದರೆ ಅಡುಗೆಮನೆಯಿಂದ ನನ್ನದೊಂದು ತಕರಾರಿದೆ. ನೀರು ಕುದಿಸಿ ನೋಡಿದ ಒಲೆ ಮುದ್ದೆಗೂ ಒಳ್ಳೆಯದೆಂದು ಹೇಳಲಾಗದು. ಮುದ್ದೆ ತಿರುವುವಾಗ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕುತ್ತೇವೆ. ಆ ಒತ್ತಡಕ್ಕೆ ಒಲೆಯ ಬಾಯಿಯಂಚು ಬಿರಿದರೆ ಸೌದೆ ಉಳಿದು ಪ್ರಯೋಜನವೇನು? ಆದ್ದರಿಂದ ಮೊದಲು ನೀರಿನಿಂದ ಪರೀಕ್ಷೆ, ಆಮೇಲೆ ಮನೆಯ ಹೆಂಗಸರ ಕೈಯಲ್ಲಿ ನಿಜವಾದ ಅಡುಗೆಯಿಂದ ಪರೀಕ್ಷೆ, ಎರಡೂ ಆಗಬೇಕು. ಕಾಗದದ ಸೇತುವೆಯ ಮೇಲೂ ನಿಂತ ಭಾರವಷ್ಟೇ ಅಲ್ಲದೆ ಒಂದು ಆಟದ ಗಾಡಿಯನ್ನು ಓಡಿಸಿ ನೋಡಲಿ.

ಬಾಗೇಪಲ್ಲಿ ಕಡೆಯ ಶಿಕ್ಷಕಿ

ಇಷ್ಟು ಬೇಗ ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎಂಜಿನಿಯರ್ ಸರ್ ಹೇಳಿದಂತೆ ಕಟ್ಟುವಾಗ ಕರುಣೆ, ತೂಗುವಾಗ ಸಮಾನತೆ ಎಂಬುದನ್ನು ಆ ಹುಡುಗಿಗೆ ಹೇಳಿದೆ. ಅವಳು ಒಪ್ಪಿ, "ಹಾಗಾದರೆ ಐದನೇಯವರಿಗೆ ಹಾಳೆಗೆ ಮಡಿಕೆ ಹಾಕುವುದನ್ನು ನಾನೇ ಹೇಳಿಕೊಡುತ್ತೇನೆ" ಎಂದಳು.

ಇನ್ನೊಂದು ತೊಂದರೆ ಇದೆ. ಮುರಿಯುವವರೆಗೆ ಭಾರ ಹಾಕುವುದೆಂದ ಕೂಡಲೇ ಇಬ್ಬರು ಮಕ್ಕಳ ಕಣ್ಣಲ್ಲಿ ನೀರು ಬಂತು. ಮನೆಗೆ ಒಯ್ದು ಅಮ್ಮನಿಗೆ ತೋರಿಸಬೇಕೆಂದು ಆಸೆಪಟ್ಟ ಸೇತುವೆಯದು.

ತುಮಕೂರಿನ ಸಿವಿಲ್ ಎಂಜಿನಿಯರ್

ಎರಡು ಕಟ್ಟಿಸಿ. ಒಂದು ಮುರಿಯಲು, ಒಂದು ಅಮ್ಮನಿಗೆ ತೋರಿಸಲು. ನಾವು ಒಡೆಯುವುದೂ ಕಟ್ಟಡವನ್ನಲ್ಲ, ಅದರ ಜೊತೆಗೆ ಎರಕ ಹೊಯ್ದ ಘನವನ್ನು.

ಶಿಡ್ಲಘಟ್ಟದ ರೀಲರ್

ಎರಡು ಕಟ್ಟಿಸಿದರೆ ಯಾವುದನ್ನು ಮುರಿಯುವುದೆಂದು ಮಕ್ಕಳೇ ಆರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು. ಇದನ್ನು ರೇಷ್ಮೆ ಗೂಡಿನಿಂದ ನೂಲು ತೆಗೆಯುವವನ ಅನುಭವದಿಂದ ಹೇಳುತ್ತಿದ್ದೇನೆ. ಮಾರುಕಟ್ಟೆಯಲ್ಲಿ ಗೂಡಿನ ರಾಶಿಯ ಮೇಲುಗಡೆ ಕೈಯಾಡಿಸಿ ನಾಲ್ಕು ಗೂಡು ಹಿಡಿದು ನೋಡಿ ಬೆಲೆ ಕೂಗಿದರೆ ಮೋಸಹೋಗುತ್ತೇವೆ. ತಳದಿಂದ, ಮಗ್ಗುಲಿನಿಂದ, ನಡುವಿನಿಂದ ತೆಗೆದು ನೋಡಬೇಕು. ತೆಳುಗೂಡು, ಜೋಡಿಗೂಡು, ಕಲೆಗೂಡು ಎಷ್ಟಿದೆಯೆಂದು ತಿಳಿಯುವುದು ಆಗಲೇ.

ನಮ್ಮಲ್ಲಿ ರೆಂಡಿಟ್ಟ ಎಂಬ ಲೆಕ್ಕವಿದೆ, ಅಂದರೆ ಒಂದು ಕೆ.ಜಿ. ನೂಲು ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕಾಯಿತು ಎಂಬುದು. ಈ ಅಂಕಿ ಕಡಿಮೆಯಾದಷ್ಟೂ ಲಾಭ. ಒಮ್ಮೆ ಗೂಡು ಬೇಯಿಸುವ ಕ್ರಮ ಬದಲಾಯಿಸಿ ನೋಡಿದೆ, ರೆಂಡಿಟ್ಟ ಇಳಿಯಿತು, ಹೊಸ ಕ್ರಮವೇ ಒಳ್ಳೆಯದೆಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಆದರೆ ಆ ದಿನ ಗೂಡು ಬೇರೆ ರೈತರದಾಗಿತ್ತು, ಒಳ್ಳೆಯ ಗೂಡು. ಇಳಿದದ್ದು ಗೂಡಿನಿಂದಲೋ ಬೇಯಿಸಿದ ಕ್ರಮದಿಂದಲೋ ಹೇಳುವಂತೆಯೇ ಇರಲಿಲ್ಲ. ಆಮೇಲೆ ಒಂದೇ ಲಾಟಿನ ಗೂಡನ್ನು ಚೆನ್ನಾಗಿ ಬೆರೆಸಿ ಎರಡು ಪಾಲು ಮಾಡಿ, ಒಂದೇ ದಿನ, ಒಬ್ಬರೇ ಹೆಂಗಸಿನ ಕೈಯಲ್ಲಿ ಎರಡನ್ನೂ ಬಿಚ್ಚಿಸಿದೆ. ವ್ಯತ್ಯಾಸ ಬಹಳ ಕಡಿಮೆಯಿತ್ತು. ಒಂದು ಪರೀಕ್ಷೆಯಲ್ಲಿ ಒಂದನ್ನೇ ಬದಲಾಯಿಸಬೇಕೆಂಬುದನ್ನು ಶಾಲೆಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಅಷ್ಟು ದಿನದ ಕೂಲಿ, ಸೌದೆ ಉಳಿಯುತ್ತಿತ್ತು.

ಚಿಂತಾಮಣಿಯ ನಿವೃತ್ತ ಕೃಷಿ ವಿಜ್ಞಾನಿ

ರೀಲರ್ ಅವರು ಹೇಳಿದ್ದು ಸರಿ, ಆದರೆ "ಒಂದನ್ನೇ ಬದಲಾಯಿಸಬೇಕು" ಎಂಬುದನ್ನು ಕೊನೆಯ ಮಾತೆಂದು ಮಕ್ಕಳಿಗೆ ಕಲಿಸಬೇಡಿ. ಹೊಲದಲ್ಲಿ ಉಳಿದದ್ದನ್ನೆಲ್ಲ ಒಂದೇ ರೀತಿ ಇಡಲು ಆಗುವುದೇ ಇಲ್ಲ. ಎರಡು ರಾಗಿ ತಳಿಗಳನ್ನು ಹೋಲಿಸಲು ಒಂದನ್ನು ಕೆರೆಯ ಕಡೆಗೂ ಇನ್ನೊಂದನ್ನು ದಿಣ್ಣೆಯ ಕಡೆಗೂ ಬಿತ್ತಿದರೆ ಗೆಲ್ಲುವುದು ಕೆರೆಯ ತೇವವೇ ಹೊರತು ತಳಿಯಲ್ಲ. ಅದಕ್ಕಾಗಿ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ಇಳಿಜಾರಿನ ಪ್ರತಿ ಹಂತದಲ್ಲೂ ಎಲ್ಲ ತಳಿಗಳೂ ಬರುವಂತೆ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿದಂತೆ ಹಂಚುತ್ತೇವೆ. ಈ ವಿಧಾನಕ್ಕೆ ಗಟ್ಟಿಯಾದ ಬುನಾದಿ ಹಾಕಿದವರು ರೊನಾಲ್ಡ್ ಫಿಷರ್. 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಅವರು ಗೊಬ್ಬರ, ತಳಿ ಮುಂತಾದ ಹಲವನ್ನು ಒಟ್ಟಿಗೇ ಬದಲಾಯಿಸಿ ಪರೀಕ್ಷಿಸುವ ಕ್ರಮವನ್ನೂ ರೂಪಿಸಿದರು. ಗೊಬ್ಬರ ಹಾಕಿದಾಗ ಮಾತ್ರ ಮೇಲುಗೈ ಸಾಧಿಸುವ ತಳಿಯನ್ನು, ಒಂದೊಂದನ್ನೇ ಬದಲಾಯಿಸುತ್ತಾ ಹೋದರೆ ಗುರುತಿಸದೆ ಬಿಟ್ಟುಬಿಡಬಹುದು.

ತುಮಕೂರಿನ ಸಿವಿಲ್ ಎಂಜಿನಿಯರ್

ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ ಸರ್. ಹನ್ನೊಂದು ವರ್ಷದ ಮಗುವಿಗೆ ಮೊದಲ ದಿನವೇ ಇದನ್ನು ಹೇಳಿದರೆ, ಏನನ್ನು ಬೇಕಾದರೂ ಹೇಗೆ ಬೇಕಾದರೂ ಬದಲಾಯಿಸಬಹುದು ಎಂದು ಅರ್ಥವಾಗುತ್ತದೆ. ಮಡಿಕೆಯ ಸಂಖ್ಯೆ ಮಾತ್ರ ಬದಲಾಗಲಿ. ಹಾಳೆ, ಟೇಪು, ಅಂತರ, ಸುರಿಯುವ ಕೈ ಒಂದೇ ಇರಲಿ. ಅದು ಅಂಗೈ ಗೆರೆಯಷ್ಟು ಪರಿಚಯವಾದ ಮೇಲೆ ನಿಮ್ಮ ಪಾಠ.

ಚಿಂತಾಮಣಿಯ ನಿವೃತ್ತ ಕೃಷಿ ವಿಜ್ಞಾನಿ

ಕ್ರಮದ ಬಗ್ಗೆ ಒಪ್ಪಿದೆ. ಆದರೆ ಚೀಟಿ ಎತ್ತುವುದನ್ನು ಮೊದಲ ದಿನದಿಂದಲೇ ಕಲಿಸಬಹುದು. ಯಾವ ತಂಡದ ಸೇತುವೆ ಮೊದಲು ಎಂಬುದನ್ನೂ ಚೀಟಿಯೇ ಹೇಳಲಿ. ಸುರಿಯುವವರ ಕೈ ಹೊತ್ತು ಕಳೆದಂತೆ ಪಳಗುತ್ತದೆ, ಕೊನೆಯಲ್ಲಿ ಬಂದವರಿಗೆ ಅದರ ಲಾಭವಾಗುತ್ತದೆ.

ಶಿರಾದ ಪಿಯು ವಿದ್ಯಾರ್ಥಿನಿ

ನಾವು ರಾಗಿಯ ಬದಲು ಒಂದು ರೂಪಾಯಿ ನಾಣ್ಯಗಳನ್ನು ಬಳಸಿದ್ದೆವು. ಎಣಿಸುವುದು ಸುಲಭ.

ಪಾವಗಡದ ಮೇಷ್ಟ್ರು

ಎಣಿಸುವುದು ಸುಲಭ ತಾಯಿ, ಆದರೆ ಹಳೆಯ ಒಂದು ರೂಪಾಯಿಗೂ ಹೊಸ ಒಂದು ರೂಪಾಯಿಗೂ ತೂಕ ಬೇರೆ. ಬೆರೆತ ನಾಣ್ಯಗಳಾದರೆ ಮೂವತ್ತು ನಾಣ್ಯ ತಡೆದ ಸೇತುವೆ ಇಪ್ಪತ್ತೆಂಟು ತಡೆದ ಸೇತುವೆಗಿಂತ ಗಟ್ಟಿಯೆಂದು ಹೇಳಲಾಗದು. ರಾಗಿಯನ್ನಾದರೂ ಅಷ್ಟೇ. ಪಾವಿನ ಅಂಚಿಗೆ ಸಮ ಮಾಡಿ ಅಳೆದದ್ದು ಬೇರೆ, ರಾಶಿ ಎತ್ತಿ ಅಳೆದದ್ದು ಬೇರೆ. ತಕ್ಕಡಿ ಇದ್ದರೆ ಬಿದ್ದ ಮೇಲೆ ಲೋಟದ ರಾಗಿಯನ್ನು ತೂಗುವುದೇ ಉತ್ತಮ.

ಕೋಲಾರದ ಪೋಷಕ

ನಾನು ಮೊದಲು ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ರೀಲರ್ ಅವರ ಮಾತು ಮನಸ್ಸಿಗೆ ನಾಟಿತು, ರಾತ್ರಿ ಮಗನನ್ನೂ ಕೂರಿಸಿಕೊಂಡು ಇದನ್ನೆಲ್ಲ ಓದಿದೆ. ನಾನು ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವನು. 15 ಕೆ.ಜಿ. ಹಿಡಿಯುವ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ಕಳುಹಿಸುತ್ತೇವೆ, ತಳದ ಕ್ರೇಟಿನ ಯಾವ ಮೂಲೆ ಮೊದಲು ಬಿರಿಯುತ್ತದೆಂದು ನನಗೆ ಕಣ್ಣು ಮುಚ್ಚಿ ಹೇಳಲು ಬರುತ್ತದೆ. ಅದನ್ನು ಮಗನಿಗೆ ಹೇಳಿದಾಗ ಅವನು ರಟ್ಟಿನ ಪೆಟ್ಟಿಗೆ ಮಾಡಿ ಮೂಲೆಗೆ ಪಟ್ಟಿ ಅಂಟಿಸಿ ನೋಡೋಣವೆಂದ. ಪಟ್ಟಿ ಇಲ್ಲದ್ದೊಂದು, ಇರುವುದೊಂದು ಎಂದು ಅವನೇ ಹೇಳಿದ.

ಆದರೂ ಬಹುಮಾನದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಹೆಚ್ಚು ಭಾರ ತಡೆದವರಿಗೆ ಬಹುಮಾನವೆಂದ ತಕ್ಷಣ ಪರೀಕ್ಷೆ ಪಂದ್ಯವಾಗುತ್ತದೆ, ಪಂದ್ಯವಾದಾಗ ಮಕ್ಕಳು ಮುರಿದ ಜಾಗವನ್ನು ಬಚ್ಚಿಡುತ್ತಾರೆ.

ಕುಣಿಗಲ್ ಗೃಹಿಣಿ

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ ಅಣ್ಣ. ಬಹುಮಾನ ಕೊಡಲೇಬೇಕೆಂದಿದ್ದರೆ ಮೊದಲ ಸೇತುವೆಗಿಂತ ಎರಡನೆಯದನ್ನು ಹೆಚ್ಚು ಸುಧಾರಿಸಿದ ತಂಡಕ್ಕೆ ಕೊಡಲಿ.

ಬಾಗೇಪಲ್ಲಿ ಕಡೆಯ ಶಿಕ್ಷಕಿ

ಶನಿವಾರ ಬೆಳಗ್ಗೆ ಮತ್ತೆ ಪರೀಕ್ಷೆ ಮಾಡಿದೆವು, ನಡೆದದ್ದನ್ನು ತಿಳಿಸುತ್ತೇನೆ. ಬಹುಮಾನ ಇಡಲಿಲ್ಲ. ಬೆಂಚುಗಳ ಅಂತರ 20 ಸೆಂ.ಮೀ., ಸುರಿಯುವ ಕೈ ಒಂದೇ, ಅದೂ ಯಾವ ತಂಡಕ್ಕೂ ಸೇರದ ನಮ್ಮ ಬಿಸಿಯೂಟದ ಅಕ್ಕನದು. ಒಂದೊಂದು ಚಮಚ ಸುರಿದು ಎಲ್ಲರೂ ಒಟ್ಟಿಗೆ ಹತ್ತರವರೆಗೆ ಎಣಿಸಿದ ಮೇಲೆ ಮುಂದಿನ ಚಮಚ. ಚಪ್ಪಟೆ ಹಾಳೆಯ ಸೇತುವೆ ಮೂರನೇ ಚಮಚಕ್ಕೇ ಬಾಗಿ ಲೋಟ ಉರುಳಿತು. ಅದೇ ಹಾಳೆಗಳನ್ನು ಬೀಸಣಿಗೆಯಂತೆ ಮಡಿಸಿದ ಸೇತುವೆ ಲೋಟ ತುಂಬಿದರೂ ಅಲುಗಲಿಲ್ಲ, ಇನ್ನೊಂದು ಲೋಟ ಇಡಬೇಕಾಯಿತು. ಐದನೇ ತರಗತಿಯವರ ಸೇತುವೆ ಮುರಿಯಲೇ ಇಲ್ಲ, ಅಂಚಿನಿಂದ ಜಾರಿತು. "ಎಲ್ಲಿ ಸೋತಿತು" ಎಂಬ ಕಾಲಂನಲ್ಲಿ ಅವರು "ಸೇತುವೆ ಗಟ್ಟಿ, ಕಾಲು ಗಿಡ್ಡ" ಎಂದು ಬರೆದಿದ್ದಾರೆ. ಬೆಂಚಿನ ಮೇಲೆ ಕೂರುವ ಭಾಗವನ್ನು ಎರಡು ಬೆರಳು ಉದ್ದ ಮಾಡುತ್ತಾರಂತೆ.

ಎಲ್ಲರಿಗಿಂತ ಹೆಚ್ಚು ರಾಗಿ ತಡೆದದ್ದು ಅರ್ಧ ಲೋಟದ ನ್ಯಾಯ ಕೇಳಿದ ಆ ಹುಡುಗಿಯ ತಂಡದ ಸೇತುವೆ. ಗಂಟೆ ಹೊಡೆದು ಎಲ್ಲರೂ ಹೊರಟ ಮೇಲೆ ಅವಳು ಸ್ಕೇಲು ಹಿಡಿದು ನನ್ನ ಮೇಜಿನ ಬಳಿಗೆ ಬಂದಳು. ಬೆಂಚುಗಳ ನಡುವಿನ ಅಂತರವನ್ನು ಈಗ ಅಳೆದಾಗ 18 ಸೆಂ.ಮೀ. ಇದೆ, ತಮ್ಮ ಸರದಿಗೆ ಮೊದಲೇ ಸರಿದಿತ್ತೋ ಆಮೇಲೆ ಸರಿಯಿತೋ ಗೊತ್ತಿಲ್ಲ, ತಮ್ಮ ತಂಡದ ಅಂಕಿಯನ್ನು ಹಲಗೆಯಿಂದ ಅಳಿಸಬೇಕು ಎಂದಳು.

ತುಮಕೂರಿನ ಸಿವಿಲ್ ಎಂಜಿನಿಯರ್

ಅಳಿಸಬೇಡಿ ಮೇಡಂ. ಅಂಕಿಯನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ "ಅಂತರ ಅನುಮಾನ" ಎಂದು ಅವಳ ಕೈಯಿಂದಲೇ ಬರೆಸಿ, ಮತ್ತೊಮ್ಮೆ ಪರೀಕ್ಷಿಸಿ. ಅವರ ಎರಡನೇ ಸೇತುವೆ ಇದೆಯಲ್ಲ?

ಬಾಗೇಪಲ್ಲಿ ಕಡೆಯ ಶಿಕ್ಷಕಿ

ಅದು ಅಮ್ಮನಿಗೆ ತೋರಿಸಲು ಮನೆಗೆ ಹೋಗಿದೆ ಸರ್, ಸೋಮವಾರ ತರುತ್ತಾಳೆ. ಬೆಂಚಿನ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಸಿದ್ದೇನೆ, ಗುಡಿಸುವಾಗ ಅಳಿಸಬೇಡಿ ಎಂದು ಅಕ್ಕನಿಗೂ ಹೇಳಿದ್ದೇನೆ.